ನಿಮ್ಮ ಹೆಸರಿನ ಮುಂದೆ ಎಷ್ಟು ಬರೀಲಿ?

1/7

ಅಕ್ಟೋಬರ್ ಹತ್ತಿರ ಬಂತು. ಈ ವರ್ಷ ಕ್ಯಾಂಪಸ್ ಮುಗಿಸಿ ಸೀದಾ ಕೆಲಸಕ್ಕೆ ಸೇರಿರೋ ನಮ್ಮ ಜೂನಿಯರ್ಸ್‌ಗೆ ಒಂದು ವಿಷಯ ಮೊದಲೇ ಹೇಳಿಡ್ತೀನಿ. ಇನ್ನು ಕೆಲವೇ ದಿನದಲ್ಲಿ ನಿಮ್ಮ ಆಫೀಸ್ ಮೇಲ್‌ಗೆ ಬಣ್ಣಬಣ್ಣದ ಪೋಸ್ಟರ್ ಒಂದು ಬರಬಹುದು. ಗಾಂಧಿ ಜಯಂತಿಯಿಂದ ಶುರುವಾಗಿ ಅಕ್ಟೋಬರ್ 8ರವರೆಗೆ ನಡೆಯೋ ‘ದಾನ್ ಉತ್ಸವ್’ ಅದು. 2009ರಲ್ಲಿ ‘ಜಾಯ್ ಆಫ್ ಗಿವಿಂಗ್ ವೀಕ್’ ಅನ್ನೋ ಹೆಸರಲ್ಲಿ ಶುರುವಾಯ್ತು. ಈಗ ಎಷ್ಟೋ ಕಂಪನಿಗಳಲ್ಲಿ ಆಯುಧಪೂಜೆ ಥರ ಅದೂ ವರ್ಷಕ್ಕೊಂದು ಸಲ ಬರೋ ಹಬ್ಬ.

ಪೋಸ್ಟರ್ ಬಂದ ಮೇಲೆ ಒಂದು ಎಕ್ಸೆಲ್ ಶೀಟ್ ಬರುತ್ತೆ. ಶೀಟ್ ಬಂದ ಮೇಲೆ ನಿಮ್ಮ ಸೀಟಿನ ಹತ್ತಿರ ಒಬ್ಬರು ನಗ್ತಾ ಬಂದು ನಿಲ್ತಾರೆ: “ನಿಮ್ಮ ಹೆಸರಿನ ಮುಂದೆ ಎಷ್ಟು ಬರೀಲಿ?”

ಈ ಸರಣಿ ಪೂರ್ತಿ ಆ ಒಂದು ಪ್ರಶ್ನೆ ಬಗ್ಗೆ. ದಾನ ಕೊಡಬೇಡಿ ಅಂತ ಹೇಳೋಕೆ ಬರೀತಿಲ್ಲ, ಅದು ಮೊದಲೇ ಸ್ಪಷ್ಟ ಇರಲಿ. ನಿಮ್ಮಲ್ಲೇ ಕೆಲವರನ್ನು ಈ ಕ್ಯಾಂಪೇನ್ ನಡೆಸೋಕೂ ಹಾಕ್ತಾರೆ. ಹೊಸಬರು, ಉತ್ಸಾಹ ಜಾಸ್ತಿ, ಇನ್ನೂ ಪ್ರಾಜೆಕ್ಟ್ ಸಿಕ್ಕಿಲ್ಲ, ಹಾಗಾಗಿ ಕೇಳೋಕೆ ಸುಲಭ. ಆದ್ದರಿಂದ ಕೊಡೋ ಕಡೆ ನಿಂತೂ ಓದಿ, ಕೇಳೋ ಕಡೆ ನಿಂತೂ ಓದಿ.

ನನ್ನ ಅಭಿಪ್ರಾಯ ಇಷ್ಟು: ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಮ್ಯಾನೇಜರ್‌ಗೆ ಗೊತ್ತಾಗೋ ಹಾಗಿದ್ದರೆ ಅಂಥ ಕ್ಯಾಂಪೇನ್ ನಡೆಸಲೇಬಾರದು.

2/7

ಊರಿನ ಮದುವೆಗಳಲ್ಲಿ ಮುಯ್ಯಿ ಬರೆಯೋಕೆ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರೆ, ನೋಡಿರ್ತೀರಿ. ಹೆಸರು, ಊರು, ಮೊತ್ತ. ನಾಳೆ ಅವರ ಮನೆಯಲ್ಲಿ ಮದುವೆ ಬಂದಾಗ ಅಪ್ಪ ಆ ಪುಸ್ತಕ ತೆಗೆದು ನೋಡಿ, ಅವರು ಹಾಕಿದ್ದಕ್ಕೆ ಸ್ವಲ್ಪ ಸೇರಿಸಿ ಹಾಕ್ತಾರೆ. ಅಲ್ಲಿ ಹೆಸರು ಬರೆದಿಡೋದಕ್ಕೆ ಕಾರಣ ಇದೆ. ಅದು ಎರಡು ಮನೆ ನಡುವಿನ ಲೆಕ್ಕ, ತಿರುಗಿ ಕೊಡಬೇಕಾದದ್ದು.

ಗಣೇಶನ ಚಂದಾ ಇನ್ನೊಂದು ಥರ. ಹುಡುಗರು ರಸೀದಿ ಪುಸ್ತಕದ ಮೊದಲ ಹಾಳೆ ತೋರಿಸಿ “ಪಕ್ಕದ್ಮನೆ ಅಂಕಲ್ ಐನೂರು ಕೊಟ್ರು ಆಂಟಿ” ಅಂತಾರೆ. ಈ ಟೆಕ್ನಿಕ್ ಯಾರಿಗೆ ಗೊತ್ತಿಲ್ಲ ಹೇಳಿ. ಆದರೂ ಅಲ್ಲಿ ಆಂಟಿಗೆ ಒಂದು ದಾರಿ ಇದೆ: “ಅಂಕಲ್ ಮನೇಲಿಲ್ಲಪ್ಪ, ನಾಳೆ ಬನ್ನಿ” ಅಂತ ಬಾಗಿಲು ಹಾಕ್ಕೋಬಹುದು. ಚಂದಾ ಕೇಳೋಕೆ ಬಂದ ಹುಡುಗರು ಆಂಟಿಯ ಅಪ್ರೈಸಲ್ ಬರೆಯಲ್ಲ.

ಆಫೀಸಿನಲ್ಲಿ ಹಾಕ್ಕೊಳ್ಳೋಕೆ ಬಾಗಿಲಿಲ್ಲ. ಕೇಳ್ತಿರೋರು ನಿಮ್ಮ ಟೀಮ್ ಲೀಡ್ ಆಗಿದ್ದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, “ಇಲ್ಲ” ಅನ್ನೋ ಪದ ಗಂಟಲಲ್ಲೇ ನಿಲ್ಲುತ್ತೆ. ಪ್ರೊಬೇಷನ್‌ನಲ್ಲಿ ಇರೋರಿಗಂತೂ ಕೇಳಲೇಬೇಡಿ. ಶೀಟಿನ ಮೇಲಿನ ಸಾಲಲ್ಲಿ ಮ್ಯಾನೇಜರ್ ಹೆಸರಿನ ಮುಂದೆ ಹತ್ತು ಸಾವಿರ, ಅದರ ಕೆಳಗೆ ಐದು, ಮತ್ತೆ ಐದು. ಕೊನೆಯ ಸಾಲಿನಲ್ಲಿರೋ ಹುಡುಗನ ಸಂಬಳ ಇಪ್ಪತ್ತೈದು ಸಾವಿರ. ಪಿಜಿ ಬಾಡಿಗೆ, ಎಜುಕೇಶನ್ ಲೋನ್ ಇಎಂಐ, ಊರಿಗೆ ಕಳಿಸೋ ದುಡ್ಡು ಎಲ್ಲ ಕಳೆದು ಅವನ ಕೈಲಿ ಉಳಿಯೋದು ಎಷ್ಟು ಅಂತ ಆ ಶೀಟಿಗೆ ಗೊತ್ತಿಲ್ಲ. ಅಂದಹಾಗೆ, ಪ್ರತಿ ತಿಂಗಳು ಅಮ್ಮನ ಔಷಧಿಗೆ, ತಂಗಿಯ ಫೀಸಿಗೆ ಕಳಿಸ್ತಿರೋನು ಆಗಲೇ ತನ್ನ ಸಂಬಳದ ದೊಡ್ಡ ಪಾಲು ಕೊಡ್ತಿದ್ದಾನೆ. ಅದಕ್ಕೆ ಯಾರೂ ಪೋಸ್ಟರ್ ಮಾಡಲ್ಲ, ಅಷ್ಟೇ.

“ಮೊತ್ತ ತೋರಿಸಲ್ಲ, ಶೇಕಡಾವಾರು ಮಾತ್ರ ತೋರಿಸ್ತೀವಿ” ಅಂತಾರೆ ಕೆಲವರು. ಎಂಟು ಜನರ ಟೀಮಲ್ಲಿ ಏಳು ಜನ ಕೊಟ್ಟರೆ ಬೋರ್ಡ್ ಮೇಲೆ 87.5 ಅಂತ ಬರುತ್ತೆ. ಉಳಿದ ಆ ಒಬ್ಬರು ಯಾರು ಅಂತ ಮಧ್ಯಾಹ್ನ ಊಟದ ಹೊತ್ತಿಗೆ ಫ್ಲೋರ್ ಪೂರ್ತಿ ಗೊತ್ತಾಗಿರುತ್ತೆ.

ನಮಗೆ ಒಳ್ಳೆ ಮಾದರಿ ಬೇಕಾದರೆ ದೇವಸ್ಥಾನದ ಹುಂಡಿ ಇದೆ. ನೂರು ಹಾಕಿದೋರೂ ಒಂದು ರೂಪಾಯಿ ಹಾಕಿದೋರೂ ಏನೂ ಹಾಕದೆ ಕೈಮುಗಿದೋರೂ ಒಂದೇ ಸಾಲಲ್ಲಿ ಹೋಗಿ ತೀರ್ಥ ತಗೋತಾರೆ.

3/7

ಇದು ಬರೀ ನನ್ನ ಸಂಕೋಚದ ಪ್ರಶ್ನೆ ಅಂದ್ಕೋಬೇಡಿ. ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ.

2018ರ ಆಗಸ್ಟ್ ನೆನಪಿದೆಯಾ? ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದ ಅದೇ ಮಳೆಗಾಲದಲ್ಲಿ ಕೇರಳ ಮುಳುಗಿತ್ತು. ಆಗ ಕೇರಳ ಸರ್ಕಾರ ತನ್ನ ನೌಕರರಿಗೆ ಒಂದು ತಿಂಗಳ ಸಂಬಳ ಪರಿಹಾರ ನಿಧಿಗೆ ಕೊಡಿ ಅಂತ ಕೇಳ್ತು. ಕಂತಲ್ಲಿ ಕೊಡೋಕೂ ಅವಕಾಶ ಇತ್ತು. ‘ಸ್ಯಾಲರಿ ಚಾಲೆಂಜ್’ ಅಂತ ಹೆಸರಾಯ್ತು. ಉದ್ದೇಶದಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಆದರೆ ಆದೇಶದಲ್ಲಿ ಒಂದು ಷರತ್ತಿತ್ತು: ಕೊಡೋಕೆ ಇಷ್ಟ ಇಲ್ಲದೋರು “ನನಗೆ ಒಪ್ಪಿಗೆ ಇಲ್ಲ” ಅಂತ ಬರೆದು ಕೊಡಬೇಕು. ಸುಮ್ಮನಿದ್ದರೆ ಒಪ್ಪಿಗೆ ಅಂತ ಲೆಕ್ಕ.

ನೌಕರರ ಸಂಘದವರು ಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ಕೇರಳ ಹೈಕೋರ್ಟ್ ಆ ಷರತ್ತಿಗೆ ತಡೆ ಕೊಡ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಕೂಡ ಹೈಕೋರ್ಟ್ ಆದೇಶದಲ್ಲಿ ಕೈಹಾಕೋಕೆ ಒಪ್ಪಲಿಲ್ಲ. ಕೊಡೋಕೆ ಆಗದವರು ಅದನ್ನ ಬರವಣಿಗೆಯಲ್ಲಿ ಹೇಳಿ ತಮ್ಮನ್ನೇ ಯಾಕೆ ಅವಮಾನಕ್ಕೆ ಒಡ್ಡಿಕೊಳ್ಳಬೇಕು ಅನ್ನೋದು ನ್ಯಾಯಾಲಯದ ಮಾತಿನ ಸಾರ.

ಮನೆಯಲ್ಲಿ ಮೇಷ್ಟ್ರು, ಕಂಡಕ್ಟರ್, ಗುಮಾಸ್ತರು ಇರೋರಿಗೆ ‘ಒಂದು ದಿನದ ವೇತನ’ ಅನ್ನೋ ಮಾತು ಗೊತ್ತೇ ಇರುತ್ತೆ. ಖಾಸಗಿ ಕಂಪನಿಯಲ್ಲೂ ಅದೇ ಕಥೆ ಬೇರೆ ವೇಷದಲ್ಲಿ ಬರುತ್ತೆ: “ಬೇಡ ಅನ್ನೋರು ಮಾತ್ರ ಎಚ್‌ಆರ್‌ಗೆ ಮೇಲ್ ಮಾಡಿ, ಇಲ್ಲದಿದ್ದರೆ ಈ ತಿಂಗಳ ಸಂಬಳದಲ್ಲಿ 500 ಕಟ್ ಆಗುತ್ತೆ.” ನಮ್ಮ ಕಾನೂನು ಈ ವಿಷಯದಲ್ಲಿ ಹಳೇದು. 1936ರ ವೇತನ ಪಾವತಿ ಕಾಯ್ದೆಯಲ್ಲೇ ಸಂಬಳದಿಂದ ಏನೇನು ಕಡಿಯಬಹುದು ಅಂತ ಪಟ್ಟಿ ಇತ್ತು. ಪ್ರಧಾನಿಯ ಪರಿಹಾರ ನಿಧಿಗೆ ಕೊಡೋದಾದರೂ ಕೆಲಸಗಾರ ಲಿಖಿತವಾಗಿ ಒಪ್ಪಬೇಕು ಅಂತ ಅದು ಹೇಳಿತ್ತು. ಅಂದರೆ ಬರೆದು ಕೊಡಬೇಕಾದದ್ದು ‘ಹೌದು’ ಅನ್ನೋರು. ‘ಇಲ್ಲ’ ಅನ್ನೋರು ಸುಮ್ಮನಿದ್ದರೆ ಸಾಕು.

ನೀವು ಕ್ಯಾಂಪೇನ್ ಟೀಮಲ್ಲಿದ್ದರೆ ಈ ಒಂದನ್ನ ಮಾತ್ರ ಹಟ ಹಿಡಿದು ಸರಿ ಮಾಡಿಸಿ. ಉಳಿದದ್ದೆಲ್ಲ ಆಮೇಲೆ.

4/7

ಇನ್ನು ಶೀಟಿನಲ್ಲಿ ಹೆಸರೇ ಇಲ್ಲದವರು. ಹೌಸ್‌ಕೀಪಿಂಗ್ ಅಕ್ಕಂದಿರು, ಸೆಕ್ಯುರಿಟಿ ಅಣ್ಣಂದಿರು, ಕ್ಯಾಬ್ ಡ್ರೈವರ್‌ಗಳು. ಇವರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಕಾಂಟ್ರಾಕ್ಟ್‌ನಲ್ಲಿ ಇರೋರು. ನಿಮ್ಮ ಕಂಪನಿಯ ಪೇಸ್ಲಿಪ್ ಅವರಿಗೆ ಬರಲ್ಲ, ಪೋಸ್ಟರ್ ಮೇಲೂ ಬರಲ್ಲ. ಆದರೆ ಡಬ್ಬಿ ಹಿಡ್ಕೊಂಡು ಫ್ಲೋರ್ ಸುತ್ತೋವಾಗ ಅವರ ಮುಂದೆಯೂ ಡಬ್ಬಿ ಹೋಗುತ್ತೆ. ಎಲ್ಲರೂ ನೋಡ್ತಿರೋವಾಗ ಆ ಅಕ್ಕ ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಹಾಕ್ತಾರೆ, ನಾವು “ಎಂಥ ದೊಡ್ಡ ಮನಸ್ಸು” ಅಂತ ಸ್ಟೋರಿ ಹಾಕ್ತೀವಿ. ದಯವಿಟ್ಟು ಡಬ್ಬಿ ಹಿಡ್ಕೊಂಡು ಸುತ್ತಬೇಡಿ.

ಇದರ ಉಲ್ಟಾ ಕೂಡ ನಡೆಯುತ್ತೆ. ಅದೇ ಅಕ್ಕನ ಮಗನ ಆಪರೇಷನ್‌ಗೆ ಟೀಮ್ ದುಡ್ಡು ಸೇರಿಸುತ್ತೆ. ಇದು ನಿಜಕ್ಕೂ ಒಳ್ಳೆ ಕೆಲಸ, ನಾನು ನೋಡಿದ ಅತ್ಯಂತ ವೇಗದ ಸಹಾಯಗಳು ಹೀಗೇ ಆಗಿರೋದು. ಆದರೆ ಗ್ರೂಪಿನಲ್ಲಿ ಮಗುವಿನ ಫೋಟೋ, ಆಸ್ಪತ್ರೆ ಬಿಲ್, ಅಕ್ಕನ ಮನೆ ಕಷ್ಟ ಎಲ್ಲ ಓಡಾಡೋದಕ್ಕೆ ಮೊದಲು ಅವರನ್ನ ಒಂದು ಮಾತು ಕೇಳಿದ್ರಾ? ನಾಳೆ ಬೆಳಿಗ್ಗೆ ಅವರು ಅದೇ ಫ್ಲೋರ್ ಒರೆಸೋಕೆ ಬರಬೇಕು, ಇನ್ನೂರು ಜನ ತಮ್ಮ ಮನೆ ವಿಷಯ ಓದಿದ್ದಾರೆ ಅಂತ ಗೊತ್ತಿದ್ದೂ. ಎಷ್ಟು ಹೇಳಬೇಕು, ಯಾವ ಫೋಟೋ ಬೇಡ ಅನ್ನೋದು ಅವರೇ ಹೇಳಲಿ.

ಇನ್ನೊಂದು ಮಾತು ಸೇರಿಸಿಬಿಡ್ತೀನಿ, ಸ್ವಲ್ಪ ಖಾರ ಅನ್ನಿಸಬಹುದು. ಆ ಅಕ್ಕನಿಗೆ ಇಎಸ್‌ಐ ಕಾರ್ಡ್ ಕೈಗೆ ಬಂದಿದೆಯಾ ಅಂತ ಏಜೆನ್ಸಿಯನ್ನ ಕೇಳೋಕೆ ಐದು ನಿಮಿಷ ಸಾಕು. ಎಷ್ಟೋ ಸಲ ಆ ಐದು ನಿಮಿಷ ನಮ್ಮ ವಾರದ ಚಂದಾಗಿಂತ ಹೆಚ್ಚು ಕೆಲಸಕ್ಕೆ ಬರುತ್ತೆ.

5/7

ದುಡ್ಡು ಹೋಗೋ ದಾರಿ. ಬೋರ್ ಆಗುತ್ತೆ, ಆದರೂ ಓದಿ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಒಬ್ಬರ ಯುಪಿಐ ನಂಬರ್‌ಗೆ ಎಲ್ಲರೂ ಹಾಕ್ತಾರೆ, ಅವರು ಒಟ್ಟಿಗೆ ಸಂಸ್ಥೆಗೆ ಕಳಿಸ್ತಾರೆ. ಆಗ ರಸೀದಿ ಬರೋದು ಆ ಒಬ್ಬರ ಹೆಸರಿಗೆ, ಅವರ ಪ್ಯಾನ್ ನಂಬರ್‌ಗೆ. ಉಳಿದ ನಲವತ್ತು ಜನರ ಹತ್ತಿರ ಒಂದು ಸ್ಕ್ರೀನ್‌ಶಾಟ್ ಬಿಟ್ಟರೆ ಏನೂ ಇರಲ್ಲ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ನಾಳೆ ಯಾರೋ “ಎಲ್ಲ ಕಳಿಸಿದ್ರಾ” ಅಂದರೆ ಅವರಿಗೇ ಕಷ್ಟ. ಸಂಸ್ಥೆಯ ಖಾತೆಗೇ ನೇರವಾಗಿ ಹಾಕೋ ಲಿಂಕ್ ಕೊಡಿ. ಯಾರು ಎಷ್ಟು ಅಂತ ಸಂಸ್ಥೆಗೆ ಮಾತ್ರ ಗೊತ್ತಾಗುತ್ತೆ, ಒಟ್ಟು ಎಷ್ಟು ಅಂತ ನಿಮಗೆ ಹೇಳ್ತಾರೆ. ಮೊದಲ ಸಮಸ್ಯೆಯೂ ಇಲ್ಲೇ ಬಗೆಹರಿಯುತ್ತೆ.

“ಕೊಟ್ಟರೆ ಟ್ಯಾಕ್ಸ್ ಉಳಿಯುತ್ತೆ” ಅಂತ ಫ್ರೆಶರ್‌ಗಳಿಗೆ ಹೇಳಬೇಡಿ. 80ಜಿ ಅಂತ ಎಲ್ಲರೂ ಕರೆಯೋ ಆ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಸಿಗಲ್ಲ, ಹಳೆ ಪದ್ಧತಿ ಆರಿಸಿಕೊಂಡೋರಿಗೆ ಮಾತ್ರ. ಅಲ್ಲೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕೆ ಬರಲ್ಲ. ನಮ್ಮ ಬ್ಯಾಚಿನ ಬಹಳ ಜನರಿಗೆ ಉಳಿಸೋಕೆ ಟ್ಯಾಕ್ಸೇ ಇಲ್ಲ ಅನ್ನೋದು ಬೇರೆ ಮಾತು.

ಸಂಸ್ಥೆ ಆರಿಸೋವಾಗ ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ನಲ್ಲಿ ಹೆಸರಿದ್ದರೆ ಸಾಕು ಅಂದ್ಕೋಬೇಡಿ, ಅದು ಬರೀ ನೋಂದಣಿ. ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಹತ್ತಿರದಲ್ಲಿದ್ದರೆ ಒಂದು ಶನಿವಾರ ಹೋಗಿ ನೋಡ್ಕೊಂಡು ಬನ್ನಿ.

ಈಗ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದು ಕಂಪನಿಯ ದುಡ್ಡು. ನಿಮ್ಮ ಸಂಬಳದಿಂದ ಹೋದದ್ದು ನಿಮ್ಮ ದಾನ, ಕಂಪನಿಯ ಸಿಎಸ್‌ಆರ್ ಅಲ್ಲ. ಹಾಗಾಗಿ “ನೀವು ಒಂದು ರೂಪಾಯಿ ಹಾಕಿದರೆ ಕಂಪನಿ ಇನ್ನೊಂದು ಹಾಕುತ್ತೆ” ಅಂತ ಘೋಷಣೆ ಬಂದಾಗ, ಆ ಇನ್ನೊಂದು ರೂಪಾಯಿ ಎಲ್ಲಿಂದ ಬರುತ್ತೆ ಅಂತ ನಯವಾಗಿ ಕೇಳಿ. ಹೇಗಿದ್ದರೂ ಖರ್ಚು ಮಾಡಲೇಬೇಕಿದ್ದ ಆ ಶೇ. 2ರಿಂದಲೇ ಬರೋದಾದರೆ, ನೀವು ಅದು ಯಾರಿಗೆ ಹೋಗಬೇಕು ಅಂತ ಆರಿಸಿದ ಹಾಗಾಯ್ತು, ಒಟ್ಟು ದುಡ್ಡು ಹೆಚ್ಚಾಗಲಿಲ್ಲ. ಅದೂ ಕೆಟ್ಟದ್ದಲ್ಲ. ಗೊತ್ತಿರಲಿ ಅಂತ ಹೇಳಿದೆ.

6/7

ಹಾಗಾದರೆ ಕೇಳೋದೇ ಬೇಡವಾ? ಕೇಳಿ. ಕೇಳದೆ ಇದ್ದರೆ ಕೊಡೋ ಮನಸ್ಸಿರೋರೂ ಮರೀತಾರೆ.

ಹಳ್ಳಿ ಮನೆಗಳಲ್ಲಿ ಹಿಡಿ ಅಕ್ಕಿ ತೆಗೆದಿಡೋ ಪದ್ಧತಿ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಅನ್ನಕ್ಕೆ ಇಡೋವಾಗ ಒಂದು ಮುಷ್ಟಿ ಬೇರೆ ಪಾತ್ರೆಗೆ, ತಿಂಗಳಾದ ಮೇಲೆ ಅದು ಮಠಕ್ಕೋ ಇಲ್ಲದವರ ಮನೆಗೋ. ಅಡುಗೆಮನೆಯಲ್ಲಿ ಯಾರಿಗೂ ಕಾಣಲ್ಲ, ಮನೆಯವರ ಊಟಕ್ಕೂ ಕಡಿಮೆ ಬೀಳಲ್ಲ. ತಿಂಗಳಿಗೆ ನೂರು ರೂಪಾಯಿ ಸಂಬಳದಿಂದ ಹೋಗೋ ವ್ಯವಸ್ಥೆ (ಲಿಖಿತ ಒಪ್ಪಿಗೆ ಮೇಲೆ, ಯಾವಾಗ ಬೇಕಾದರೂ ನಿಲ್ಲಿಸೋ ಹಾಗೆ) ಇದಕ್ಕೆ ಹತ್ತಿರ. ಅಕ್ಟೋಬರ್‌ನಲ್ಲಿ ಒಂದೇ ಸಲ ಬರೋ ಲಕ್ಷಕ್ಕಿಂತ ಪ್ರತಿ ತಿಂಗಳು ಬರೋ ಎಂಟು ಸಾವಿರ ಸಣ್ಣ ಸಂಸ್ಥೆಗೆ ಹೆಚ್ಚು ಉಪಯೋಗ, ಯಾಕಂದ್ರೆ ಅಲ್ಲಿನ ಟೀಚರ್‌ಗೆ, ನರ್ಸ್‌ಗೆ ಸಂಬಳ ಕೊಡಬೇಕಾದದ್ದೂ ಪ್ರತಿ ತಿಂಗಳೇ.

ದುಡ್ಡಿಲ್ಲದಿದ್ದರೆ ರಕ್ತ ಕೊಡಿ ಅಂತಾರೆ. ಅಲ್ಲೂ ಇದೇ ಜಾಗ್ರತೆ ಬೇಕು. ಗಂಡಸರು 90 ದಿನ, ಹೆಂಗಸರು 120 ದಿನ ಅಂತರ ಬಿಡಬೇಕು, ತೂಕ ಕನಿಷ್ಠ 45 ಕೆಜಿ ಇರಬೇಕು. ಹಿಮೋಗ್ಲೋಬಿನ್ ಕಡಿಮೆ ಇರೋದು, ಯಾವುದೋ ಮಾತ್ರೆ ತಗೋತಿರೋದು ಅವರವರ ಖಾಸಗಿ ವಿಷಯ. “ಯಾಕೆ ಕೊಡ್ಲಿಲ್ಲ? ಸೂಜಿ ಕಂಡ್ರೆ ಭಯನಾ?” ಅಂತ ಕ್ಯಾಂಟೀನಲ್ಲಿ ಕಾಲೆಳೆಯೋರಿಗೆ ಯಾರಾದರೂ ಒಂದು ಟೀ ಕೊಡಿಸಿ ಬಾಯಿ ಮುಚ್ಚಿಸಿ.

7/7

ಕ್ಯಾಂಪೇನ್ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಈ ಮೆಸೇಜ್ ಕಾಪಿ ಮಾಡ್ಕೊಳ್ಳಿ, ನಿಮ್ಮ ಆಫೀಸಿಗೆ ಹೊಂದೋ ಹಾಗೆ ಬದಲಾಯಿಸಿಕೊಳ್ಳಿ:

“ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 2ರಿಂದ 8ರವರೆಗೆ ನಾವು ಒಂದು ಸಂಸ್ಥೆಗೆ ಸಹಾಯ ಸೇರಿಸುತ್ತಿದ್ದೇವೆ. ಅವರು ಏನು ಮಾಡುತ್ತಾರೆ, ಹೋದ ವರ್ಷದ ಲೆಕ್ಕ ಏನು ಎಂಬುದು ಕೆಳಗಿನ ಲಿಂಕ್‌ನಲ್ಲಿದೆ. ಇಷ್ಟ ಇರುವವರು ಅಲ್ಲಿಂದಲೇ ನೇರವಾಗಿ ಕೊಡಬಹುದು, ರಸೀದಿ ನಿಮ್ಮ ಹೆಸರಿಗೇ ಬರುತ್ತದೆ. ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬುದು ನಮಗೂ ನಿಮ್ಮ ಮ್ಯಾನೇಜರ್‌ಗೂ ತಿಳಿಯುವುದಿಲ್ಲ. ಯಾರೂ ನಿಮ್ಮ ಸೀಟಿನ ಹತ್ತಿರ ಬಂದು ಕೇಳುವುದಿಲ್ಲ. ನವೆಂಬರ್ ಮೊದಲ ವಾರ, ಒಟ್ಟು ಎಷ್ಟು ಸೇರಿತು, ಅದರಿಂದ ಏನಾಯಿತು ಎಂದು ಇದೇ ಗ್ರೂಪ್‌ನಲ್ಲಿ ತಿಳಿಸುತ್ತೇವೆ. ಈ ಬಗ್ಗೆ ಇನ್ನೊಂದೇ ಒಂದು ಮೆಸೇಜ್ ಬರುತ್ತದೆ, 7ನೇ ತಾರೀಕು. ಆಮೇಲೆ ನೆನಪಿಸುವುದಿಲ್ಲ.”

ಕೊನೆಯ ಸಾಲನ್ನ ಎಚ್‌ಆರ್ ತೆಗೆಸೋಕೆ ನೋಡ್ತಾರೆ. ಬಿಡಬೇಡಿ.