ಯೂನಿಟ್ ದರ ಬಿಡಿ, 200ರ ಗೆರೆ ನೋಡಿ

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಮಾರ್ಚ್ 27ರಂದು ಮೂರು ವರ್ಷಗಳ ದರ ಆದೇಶ ಹೊರಡಿಸಿದ್ದೇ ತಡ, ಎಲೆಕ್ಟ್ರಿಕ್ ಕಾರಿನ ಲಾಭ-ನಷ್ಟದ ಲೆಕ್ಕ ಮತ್ತೆ ಶುರುವಾಯಿತು. ಗೃಹಬಳಕೆಯ ಯೂನಿಟ್ ದರ 2025-26ಕ್ಕೆ 5.90ರಿಂದ 5.80 ರೂಪಾಯಿಗೆ ಇಳಿದಿದೆ, ಇನ್ನೇನು ಬೇಕು, ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದೇ ರೂಪಾಯಿ ಎನ್ನುತ್ತಾರೆ. ಷೋರೂಮಿನವರೂ ಅದನ್ನೇ ಹೇಳುತ್ತಾರೆ, ಅಂಕಣ ಬರೆಯುವವರೂ ಅದನ್ನೇ ಬರೆಯುತ್ತಾರೆ. ತಿಂಗಳಿಗೆ ಹೇಗೂ ಮುನ್ನೂರು-ನಾನ್ನೂರು ಯೂನಿಟ್ ಸುಡುವ ಮನೆಗೆ ಈ ಮಾತು ಹೆಚ್ಚುಕಡಿಮೆ ನಿಜ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಇದು ಶುದ್ಧ ಸುಳ್ಳು.

ಇಳಿದ ಹತ್ತು ಪೈಸೆಯ ಕಥೆಯನ್ನು ಮೊದಲು ಮುಗಿಸಿಬಿಡೋಣ. ಅದೇ ಆದೇಶದಲ್ಲಿ 2025-26ರ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು. ವಿದ್ಯುತ್ ಕಂಪನಿ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಬೇರೆ ಸೇರಿದೆ. ಶೇ 9ರ ತೆರಿಗೆ ಇದ್ದೇ ಇದೆ. ಆ ವರ್ಷದ ಲೆಕ್ಕದಲ್ಲಿ ಎಲ್ಲ ಕೂಡಿದರೆ, ನಿಗದಿತ ಶುಲ್ಕ ಬಿಟ್ಟೂ, ಕಾರಿಗೆ ಹೋಗುವ ಒಂದು ಯೂನಿಟ್ ಸುಮಾರು 6.70 ರೂಪಾಯಿ. ಚಾರ್ಜಿಂಗ್ ಸೋರಿಕೆ ಕಳೆದು ಸಣ್ಣ ಕಾರೊಂದು ಯೂನಿಟ್‌ಗೆ ಆರು ಕಿಲೋಮೀಟರ್ ಓಡಿತೆಂದರೆ ಕಿಲೋಮೀಟರಿಗೆ 1.10 ರೂಪಾಯಿ. ಇದರಲ್ಲಿ ತಕರಾರಿಲ್ಲ.

ಈಗ ಸೊನ್ನೆ ಬಿಲ್ಲಿನ ಮನೆಗೆ ಬನ್ನಿ. 2022-23ರಲ್ಲಿ ತಿಂಗಳಿಗೆ ಸರಾಸರಿ 140 ಯೂನಿಟ್ ಬಳಸುತ್ತಿದ್ದ ಮನೆ ಎಂದಿಟ್ಟುಕೊಳ್ಳಿ. ಗೃಹಜ್ಯೋತಿಯ ನಿಯಮದಂತೆ ಆ ಸರಾಸರಿಗೆ ಶೇ 10 ಸೇರಿಸಿದರೆ ಉಚಿತದ ಅರ್ಹತೆ 154 ಯೂನಿಟ್. ಈಗಲೂ ಅವರ ಬಳಕೆ 140ರಲ್ಲೇ ಇದೆ, ಬಿಲ್ ಸೊನ್ನೆ. ಮನೆಯ ಮುಂದೆ ಎಲೆಕ್ಟ್ರಿಕ್ ಕಾರು ಬಂದು ನಿಂತಿತು. ತಿಂಗಳಿಗೆ 600 ಕಿಲೋಮೀಟರ್ ಓಡಾಟ, ಅಂದರೆ 100 ಯೂನಿಟ್. ಒಟ್ಟು 240. ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದು ಯೋಜನೆಯ ಷರತ್ತು. 240 ಯೂನಿಟ್‌ಗೆ 1,392, ಪಿಂಚಣಿ ಬಾಬ್ತು 86, ತೆರಿಗೆ 125, ಮಂಜೂರಾದ ಮೂರು ಕಿಲೋವ್ಯಾಟ್ ಹೊರೆಗೆ ನಿಗದಿತ ಶುಲ್ಕ 435. ಒಟ್ಟು ಎರಡು ಸಾವಿರದ ಮೇಲೆ ಚಿಲ್ಲರೆ.

ಕಾರು ಬರುವ ಮುಂಚೆ ಸೊನ್ನೆ, ಬಂದ ಮೇಲೆ ಎರಡು ಸಾವಿರ. ಹಾಗಾದರೆ ಕಾರು ಕುಡಿದ ನೂರು ಯೂನಿಟ್‌ಗೆ ಬಿದ್ದ ಬೆಲೆ ಎಷ್ಟು? ಯೂನಿಟ್‌ಗೆ 20 ರೂಪಾಯಿ! ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳ ದರವೂ ಇದರ ಆಸುಪಾಸಿನಲ್ಲೇ ಇದೆ. ಸ್ವಂತ ಮನೆಯ ಗೋಡೆಗೆ ಪ್ಲಗ್ ಹಾಕಿ, ರಾತ್ರಿಯಿಡೀ ಕಾದು, ಹೆದ್ದಾರಿಯ ದರ ತೆತ್ತಂತಾಯಿತು. ಕಿಲೋಮೀಟರಿಗೆ 3.40 ರೂಪಾಯಿ. 2025ರಲ್ಲಿದ್ದ 103 ರೂಪಾಯಿಯ ಪೆಟ್ರೋಲಿಗೆ ಹೋಲಿಸಿದರೂ ಅರ್ಧ, ಒಪ್ಪೋಣ. ಆದರೆ ಕಾರು ಮಾರುವಾಗ ಹೇಳಿದ್ದು ಒಂದು ರೂಪಾಯಿ.

ಗೆರೆಯ ಹತ್ತಿರ ಹೋದಷ್ಟೂ ವಿಚಿತ್ರ. ಇದೇ ಮನೆ 195 ಯೂನಿಟ್‌ಗೆ ನಿಂತರೆ ಕಟ್ಟಬೇಕಾದ್ದು ಅರ್ಹತೆ ಮೀರಿದ 41 ಯೂನಿಟ್‌ಗಳ ಹಣ, ಸುಮಾರು 275 ರೂಪಾಯಿ. 205 ಆಯಿತೋ, 1,800. ಹತ್ತು ಯೂನಿಟ್, ಅಂದರೆ ಅರವತ್ತು ಕಿಲೋಮೀಟರ್ ಓಡಾಟಕ್ಕೆ ಒಂದೂವರೆ ಸಾವಿರದ ವ್ಯತ್ಯಾಸ. ರೀಡಿಂಗಿಗೆ ನಾಲ್ಕು ದಿನ ಇರುವಾಗ ಯಜಮಾನರು ಮೀಟರಿನ ಕೆಂಪು ಅಂಕಿ ನೋಡಿ ಕಾರಿನ ಪ್ಲಗ್ ಕಿತ್ತು, ಆಫೀಸಿನಲ್ಲೋ ಮಾಲ್‌ನಲ್ಲೋ ಚಾರ್ಜ್ ಮಾಡಿಕೊಳ್ಳುತ್ತೇನೆ ಎಂದರೆ ಅದು ಜಿಪುಣತನವಲ್ಲ, ಸರಿಯಾದ ಲೆಕ್ಕ. ಸ್ಕೂಟರಿನವರು ಬಚಾವ್. ತಿಂಗಳಿಗೆ ಮೂವತ್ತು ಯೂನಿಟ್‌ನಲ್ಲಿ ಅವರ ಕೆಲಸ ಮುಗಿಯುತ್ತದೆ.

ಕಾರಿಟ್ಟುಕೊಂಡವರಿಗೆ ಉಚಿತ ವಿದ್ಯುತ್ ಯಾಕೆ ಎಂದು ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗೃಹಜ್ಯೋತಿ ಕಾರನ್ನು ನೋಡುವುದಿಲ್ಲ, ಮೀಟರನ್ನು ನೋಡುತ್ತದೆ. ಪಕ್ಕದ ಮನೆಯವರು ಪೆಟ್ರೋಲ್ ಕಾರಿಟ್ಟುಕೊಂಡು ಸೊನ್ನೆ ಬಿಲ್ ಪಡೆಯುತ್ತಲೇ ಇದ್ದಾರೆ. ಎಲೆಕ್ಟ್ರಿಕ್ ಕೊಂಡವರಿಗೆ ಮಾತ್ರ ದಂಡ. ಎದುರಿನ ಬಂಗಲೆಯಲ್ಲಿ ಹೇಗೂ 200 ದಾಟಿರುತ್ತದೆ, ಅಲ್ಲಿ ಅದೇ ಯೂನಿಟ್ 6.70ಕ್ಕೇ ಸಿಗುತ್ತದೆ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದೆವೆಂದು ಬೀಗುವ ರಾಜ್ಯದಲ್ಲಿ, ಮೊದಲ ಸಲ ಕಾರು ಕೊಳ್ಳುವ ಮಧ್ಯಮ ವರ್ಗದ ಮನೆ ಬಂಗಲೆಯ ಮೂರು ಪಟ್ಟು ತೆರುತ್ತಿದೆ. ಇದನ್ನು ಯಾರೂ ಉದ್ದೇಶಪೂರ್ವಕ ಮಾಡಿದ್ದಲ್ಲ. ಇಂಧನ ಇಲಾಖೆ ಒಂದು ಕಡೆ, ವಾಹನ ನೀತಿ ಇನ್ನೊಂದು ಕಡೆ ನೋಡುತ್ತ ಕೂತಿದ್ದರ ಫಲ.

ಪರಿಹಾರಕ್ಕೆ ಹೊಸದೇನೂ ಕಂಡುಹಿಡಿಯಬೇಕಿಲ್ಲ. ವಾಹನ ಚಾರ್ಜಿಂಗಿಗೆಂದೇ ಎಲ್‌ಟಿ-6(ಸಿ) ಎಂಬ ಪ್ರತ್ಯೇಕ ವರ್ಗ ಇದೆ. 2023ರ ಆದೇಶದಲ್ಲಿ ಅದಕ್ಕೆ ಇಟ್ಟ ದರ ಯೂನಿಟ್‌ಗೆ 4.50 ರೂಪಾಯಿ, ಮನೆಯ ದರಕ್ಕಿಂತ ಕಡಿಮೆ. ಕಾರಿಗೆ ಬೇರೆ ಆರ್‌ಆರ್ ನಂಬರಿನ ಮೀಟರು ಬಂದರೆ ಅದರ ಯೂನಿಟ್ ಮನೆಯ 200ರೊಳಗೆ ತೂರುವುದೇ ಇಲ್ಲ. ಒಂದೇ ಮನೆಗೆ ಎರಡು ಮೀಟರ್ ಎಂದರೆ ಹುಬ್ಬೇರಿಸುವ ಎಂಜಿನಿಯರುಗಳಿಗೆ ನೆನಪಿರಲಿ: ದೀಪಕ್ಕೊಂದು, ಹೀಟರಿಗೊಂದು ಮೀಟರು ಹಾಕಿಸಿದ ಹಳೆಯ ಮನೆಗಳು ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟಿದ್ದವು. ಸೋಲಾರ್ ವಾಟರ್ ಹೀಟರ್ ಇಟ್ಟವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ರಿಯಾಯಿತಿಯನ್ನು ವರ್ಷಗಟ್ಟಲೆ ಬಿಲ್ಲಿನಲ್ಲೇ ಕೊಟ್ಟಿದ್ದಾರೆ. ಮಾಳಿಗೆಯ ಮೇಲಿನ ಹಂಡೆಯನ್ನು ಗುರುತಿಸಬಲ್ಲ ಬಿಲ್ಲಿಗೆ ಗೇಟಿನೊಳಗಿನ ಕಾರು ಕಾಣದೇ?

ದೊಡ್ಡ ಚಾರ್ಜರಿನ ವಿಷಯ ಬೇರೆಯೇ. 7.2 ಕಿಲೋವ್ಯಾಟಿನ ಚಾರ್ಜರಿಗಾಗಿ ಮಂಜೂರಾದ ಹೊರೆಯನ್ನು ಏಳು ಕಿಲೋವ್ಯಾಟ್ ಏರಿಸಿಕೊಂಡರೆ ಕಾರು ಓಡಲಿ ಬಿಡಲಿ, 2025-26ರ ದರದಲ್ಲಿ ನಿಗದಿತ ಶುಲ್ಕವೇ ತಿಂಗಳಿಗೆ 1,015 ರೂಪಾಯಿ ಹೆಚ್ಚು. ಇದಕ್ಕೆ ಹೆದರಿ ಗೀಸರಿನ ಸಾಕೆಟ್ಟಿಗೇ ವೈರ್ ಎಳೆಯುವವರಿದ್ದಾರೆ. ಒಂದೇ ಸಮನೆ ಎಂಟು ಗಂಟೆ ಹೊರೆ ಹೊತ್ತು ಆ ಸಾಕೆಟ್ಟಿನ ತೂತು ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದವರಿಗೆ ಇದು ಎಂಥ ಉಳಿತಾಯವೆಂದು ಗೊತ್ತು.

ಎರಡನೇ ಮೀಟರು ಕಾಗದದ ಮೇಲೆ ಸುಲಭ. ಅಪಾರ್ಟ್‌ಮೆಂಟಿನಲ್ಲಿ ಸಂಘದ ಒಪ್ಪಿಗೆ ಪತ್ರ, ನೆಲಮಾಳಿಗೆಗೆ ಕೇಬಲ್, ಠೇವಣಿ ಎನ್ನುವಷ್ಟರಲ್ಲಿ ಅರ್ಧ ಜನ ಕೈಬಿಡುತ್ತಾರೆ. ಆರ್‌ಟಿಒದಲ್ಲಿ ಹಸಿರು ನಂಬರ್ ಪ್ಲೇಟ್ ಸಿಗುವ ದಿನವೇ ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಅರ್ಜಿ ತಾನಾಗಿ ಹೋಗುವಂತೆ ಮಾಡಬಹುದು. ಅದಾಗುವವರೆಗೆ, ನೋಂದಾಯಿತ ಎಲೆಕ್ಟ್ರಿಕ್ ವಾಹನ ಇರುವ ಮನೆಗಳಿಗೆ 200 ದಾಟಿದ ತಿಂಗಳಲ್ಲೂ ಅರ್ಹತೆಯಷ್ಟು ಯೂನಿಟ್ ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್ ಹಾಕಬೇಕು. ಇದಕ್ಕೆ ಆಯೋಗದ ಮುಂದೆ ಹೋಗಬೇಕಾಗಿಲ್ಲ, 200ರ ಷರತ್ತು ಸರ್ಕಾರದ್ದೇ. ಅರ್ಹತೆ ಮೀರಿದ ಯೂನಿಟ್‌ಗೆ ಆ ಮನೆ ಪೂರ್ತಿ ದರವನ್ನೇ ಕಟ್ಟುತ್ತದೆ. ಖಜಾನೆ ಬಿಟ್ಟುಕೊಡುವುದು, ಕಾರು ಬರುವ ಮುಂಚೆಯೂ ಅದೇ ಮನೆಗೆ ಅರ್ಹತೆಯಾಗಿ ಇದ್ದ ಯೂನಿಟ್‌ಗಳನ್ನಷ್ಟೇ.