ಶಾಲೆಯ ಜಮಾಖರ್ಚು ಮತ್ತು ನಾವು

ನಮ್ಮ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಲೆಕ್ಕಪತ್ರ ಓದಿ ಮುಗಿಸುವುದೇ ತಡ, ಹತ್ತು ಕೈಗಳು ಮೇಲೇಳುತ್ತವೆ. ಯುಗಾದಿ ಊಟಕ್ಕೆ ಇಷ್ಟೇಕಾಯಿತು, ಸಭಾಂಗಣದ ಬಾಡಿಗೆ ಏಕೆ ಏರಿತು, ಬಾಳೆಲೆಯ ಬದಲು ಕಾಗದದ ತಟ್ಟೆ ಸಾಲದಿತ್ತೆ ಎಂದು ಪ್ರಶ್ನೆಗಳ ಸುರಿಮಳೆ. ಕೆಲವು ನೂರು ಪೌಂಡುಗಳ ಈ ಲೆಕ್ಕಕ್ಕೆ ನಾವು ತೋರುವ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ನಮ್ಮ ಮಕ್ಕಳು ದಿನಕ್ಕೆ ಆರು ತಾಸು ಕಳೆಯುವ ಶಾಲೆಯ ಲೆಕ್ಕ ಲಕ್ಷ ಲಕ್ಷ ಪೌಂಡುಗಳದು. ಅದರ ಬಗ್ಗೆ ಒಂದು ಕೈಯೂ ಮೇಲೆದ್ದುದನ್ನು ನಾವು ಕಾಣೆವು. ಅದಕ್ಕೇ ಈ ಲೇಖನ.

ಮೊದಲು ಹಣ ಬರುವ ದಾರಿಯನ್ನು ತಿಳಿಯೋಣ. ಸಾಲ್ಫರ್ಡ್, ಎಕಲ್ಸ್, ಸ್ವಿಂಟನ್, ವರ್ಸ್ಲಿ, ಅರ್ಲಮ್ ಎಲ್ಲ ಸೇರಿ 1974ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಬಂದವು. ಶಾಲೆಗಳ ಹಣ ಮನೆ ತೆರಿಗೆಯಿಂದ ಬರುತ್ತದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. 2006ರಿಂದ ಅದು ಶಾಲೆಗಳಿಗೆಂದೇ ಮೀಸಲಾದ ಅನುದಾನವಾಗಿ ಲಂಡನ್ನಿನಿಂದ ನಗರಸಭೆಗೆ ಬರುತ್ತದೆ. 2018ರಿಂದ ಅದನ್ನು ಅಳೆಯುವುದು ಇಡೀ ಇಂಗ್ಲೆಂಡಿಗೆ ಒಂದೇ ಸೂತ್ರ. ನಗರಸಭೆಯು ಸ್ಕೂಲ್ಸ್ ಫೋರಮ್ ಎಂಬ ಮಂಡಲಿಯೊಡನೆ ಸಮಾಲೋಚಿಸಿ ಹಣವನ್ನು ಹಂಚಿ, ಫೆಬ್ರವರಿ 28ರೊಳಗೆ ತನ್ನ ಅಧೀನದ ಶಾಲೆಗಳಿಗೆ ಅವುಗಳ ಪಾಲೆಷ್ಟೆಂದು ತಿಳಿಸಬೇಕು. ಆ ಮಂಡಲಿಯ ಸಭೆಗೆ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು, ಕಾಗದಪತ್ರಗಳನ್ನೂ ಪ್ರಕಟಿಸುತ್ತಾರೆ.

ಹಣ ಸಾಲದು ಎಂಬುದು ಮುಖ್ಯೋಪಾಧ್ಯಾಯರ ನಿತ್ಯದ ಗೋಳು ಮಾತ್ರವಲ್ಲ. 2009-10ರಿಂದ 2019-20ರವರೆಗಿನ ಹತ್ತು ವರ್ಷಗಳಲ್ಲಿ, ಬೆಲೆಯೇರಿಕೆ ಕಳೆದು ನೋಡಿದರೆ, ಇಂಗ್ಲೆಂಡಿನಲ್ಲಿ ಪ್ರತಿ ವಿದ್ಯಾರ್ಥಿಯ ಮೇಲಿನ ವೆಚ್ಚ ಶೇಕಡ 9ರಷ್ಟು ಇಳಿಯಿತು. ಆಮೇಲೆ ಹೆಚ್ಚಿಸಿದ್ದು ನಿಜ. ಆದರೆ ವಿಶೇಷ ನೆರವಿನ ಯೋಜನಾಪತ್ರ ಪಡೆದ ಮಕ್ಕಳು ಮತ್ತು ತರುಣರ ಸಂಖ್ಯೆ 2015ರ ಜನವರಿಯಲ್ಲಿ ಸುಮಾರು 2,40,000 ಇದ್ದದ್ದು 2025ರ ಜನವರಿಗೆ 6,38,000 ದಾಟಿತು. ಅವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಆದರೆ ಹೆಚ್ಚಿಸಿದ ಹಣದ ದೊಡ್ಡ ಭಾಗ ಅಲ್ಲಿಗೇ ಹೋಯಿತು. 2025ರಲ್ಲಿ ಉಪಾಧ್ಯಾಯರಿಗೆ ಶೇಕಡ 4 ಸಂಬಳ ಹೆಚ್ಚಿಸಿದ ಸರ್ಕಾರ, ಅದರಲ್ಲಿ ಸುಮಾರು ಶೇಕಡ 1ನ್ನು ಶಾಲೆಗಳೇ ಮಿತವ್ಯಯದಿಂದ ಹೊಂದಿಸಿಕೊಳ್ಳಲಿ ಎಂದಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ. ಶಾಲೆಯ ವೆಚ್ಚದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸಂಬಳವೇ ಆಗಿರುವಾಗ ಯಾವ ಕಾಲನ್ನು ಮಡಿಸುವುದು? ಮೊದಲು ಹೋಗುವವರು ತರಗತಿಯ ಸಹಾಯಕಿಯರು. ಹಿಂದೆಯೇ ಸಂಗೀತದ ಪಾಠ.

ಖಾಲಿ ಕುರ್ಚಿಗಳ ಲೆಕ್ಕ ಇನ್ನೂ ಕಠಿಣ. 2024-25ರ ರಾಷ್ಟ್ರೀಯ ಸೂತ್ರದಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ಮೂಲ ಮೊತ್ತ 3,562 ಪೌಂಡು. ಮೂವತ್ತು ಮಕ್ಕಳ ತರಗತಿಗೆ ಇಪ್ಪತ್ತೇಳೇ ಬಂದರೆ ಹತ್ತು ಸಾವಿರ ಪೌಂಡಿಗೂ ಮೇಲೆ ಕೈಬಿಟ್ಟಿತು. ಉಪಾಧ್ಯಾಯಿನಿಯ ಸಂಬಳವಾಗಲಿ ಕೊಠಡಿ ಕಾಯಿಸುವ ಗ್ಯಾಸಾಗಲಿ ಮೂರು ಮಕ್ಕಳಷ್ಟು ಕಡಿಮೆಯಾಗುವುದಿಲ್ಲ.

ಇದರಲ್ಲಿ ನಮ್ಮ ಪಾತ್ರವೇನು ಎಂದು ಕೇಳಬಹುದು. ನಮ್ಮ ಪಾತ್ರ ಶಾಲೆಗೆ ಸೇರಿಸುವ ದಿನ ತುಂಬುವ ಅರ್ಜಿಯಲ್ಲೇ ಆರಂಭವಾಗುತ್ತದೆ. ಅದರಲ್ಲಿ ಮಗುವಿನ ಮೊದಲ ಭಾಷೆ ಯಾವುದು ಎಂಬ ಪ್ರಶ್ನೆ ಇರುತ್ತದೆ. ನಮ್ಮವರು ಅನೇಕರು ಅಲ್ಲಿ ಇಂಗ್ಲಿಷ್ ಎಂದು ಬರೆಯುತ್ತಾರೆ. ಕನ್ನಡ ಎಂದರೆ ಮಗುವನ್ನು ದಡ್ಡರ ಸಾಲಿನಲ್ಲಿ ಕೂರಿಸಿಯಾರು ಎಂಬ ಭಯ. ಸ್ವಲ್ಪ ಜಂಭವೂ ಸೇರಿರಬಹುದು ಎಂದು ನಮ್ಮ ಗುಮಾನಿ. ಶಿಕ್ಷಣ ಇಲಾಖೆಯ ಸೂಚನೆಯಾದರೋ ಸ್ಪಷ್ಟವಾಗಿದೆ: ಎಳವೆಯಲ್ಲಿ ಮಗುವಿನ ಕಿವಿಗೆ ಇಂಗ್ಲಿಷಿನ ಜೊತೆಗೆ ಬೇರೊಂದು ಭಾಷೆಯೂ ಬಿದ್ದಿದ್ದು, ಈಗಲೂ ಮನೆಯಲ್ಲಿ ಬೀಳುತ್ತಿದ್ದರೆ, ಆ ಬೇರೆ ಭಾಷೆಯನ್ನೇ ಬರೆಯತಕ್ಕದ್ದು, ಮಗು ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಆಡುತ್ತದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಹಾಗೆ ಬರೆದರೆ, ಮಗು ಇಲ್ಲಿನ ಶಾಲಾ ವ್ಯವಸ್ಥೆಗೆ ಬಂದ ಮೊದಲ ಮೂರು ವರ್ಷ ಶಾಲೆಗೆ ಹೆಚ್ಚಿನ ಹಣ ಬರುತ್ತದೆ. 2024-25ರ ಸೂತ್ರದಲ್ಲಿ ಅದು ಪ್ರಾಥಮಿಕ ಶಾಲೆಯ ಮಗುವಿಗೆ ವರ್ಷಕ್ಕೆ 590 ಪೌಂಡು. ಮೂರು ವರ್ಷಕ್ಕೆ ಸಾವಿರದ ಏಳುನೂರಕ್ಕೂ ಮೇಲಾಯಿತು. ಬೇಸಗೆಯ ಶಾಲಾ ಜಾತ್ರೆಗೆಂದು ನಮ್ಮ ಮಹಿಳೆಯರು ಎರಡು ದಿನ ಎಣ್ಣೆಯ ಮುಂದೆ ಬೆಂದು ಕೋಡುಬಳೆ, ಬೋಂಡಾ ಮಾರಿ ಕೂಡಿಸುವುದು ಇದರ ಎಷ್ಟನೆಯ ಒಂದು ಪಾಲೋ ಅವರೇ ಹೇಳಬೇಕು.

ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. ಕಾಮನ್‌ವೆಲ್ತ್ ದೇಶಗಳಿಂದ ಬಂದವರು ನೆಲೆಸಿದ ಊರುಗಳಿಗೆ ನೆರವಾಗಲೆಂದು 1966ರ ಸ್ಥಳೀಯ ಆಡಳಿತ ಕಾಯಿದೆಯ 11ನೆಯ ವಿಧಿಯಲ್ಲಿ ಪ್ರತ್ಯೇಕ ಅನುದಾನವಿತ್ತು. ಹಳಬರಿಗೆ ‘ಸೆಕ್ಷನ್ ಲೆವೆನ್’ ಎಂಬ ಮಾತು ನೆನಪಿರಬಹುದು. ತೊಂಬತ್ತರ ದಶಕದ ಕೊನೆಗೆ ಶಾಲೆಗಳ ಮಟ್ಟಿಗೆ ಅದರ ಜಾಗಕ್ಕೆ ಬೇರೊಂದು ಅನುದಾನ ಬಂತು. 2011ರಲ್ಲಿ ಅದನ್ನೂ ಸಾಮಾನ್ಯ ಅನುದಾನದಲ್ಲಿ ಕರಗಿಸಿಬಿಟ್ಟರು. ಮನೆಮಾತಿಗೆಂದು ಬರುವ ಹಣಕ್ಕೆ ಸೂತ್ರದಲ್ಲಿ ಈಗ ಉಳಿದಿರುವ ಕೊಂಡಿ ಅರ್ಜಿಯ ಆ ಒಂದು ಸಾಲು.

ಇನ್ನೊಂದು ಸಂಗತಿ ಊಟದ್ದು. 2014ರಿಂದ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ ಶಾಲೆಯ ಊಟ ಉಚಿತ. ಆದರೆ ಶಾಲೆಗೆ ಅದರ ಹಣ ಬರುವುದು ವರ್ಷದಲ್ಲಿ ಎರಡು ದಿನ, ಅಕ್ಟೋಬರ್ ಮತ್ತು ಜನವರಿಯ ಗಣತಿಯ ದಿನ, ಎಷ್ಟು ಮಕ್ಕಳು ಉಂಡರು ಎಂಬುದರ ಮೇಲೆ. ಉಂಡ ಮಗುವಿಗೆ ವರ್ಷಕ್ಕೆ 190 ಊಟವೆಂದು ಹಿಡಿದು 2024-25ರಲ್ಲಿ ಊಟಕ್ಕೆ 2 ಪೌಂಡು 58 ಪೆನ್ಸಿನಂತೆ ಕೊಟ್ಟರು. ಅಂದರೆ 490 ಪೌಂಡು. ಒಂದು ಗಣತಿಯ ದಿನ ಉಣ್ಣದಿದ್ದರೆ ಅದರ ಅರ್ಧ ಹೋಯಿತು. ಗಣತಿ ಬೀಳುವುದು ಗುರುವಾರ, ಅಕ್ಟೋಬರಿನಲ್ಲಿ ಸಾಮಾನ್ಯವಾಗಿ ಮೊದಲನೆಯ ಗುರುವಾರ. ಗುರುವಾರ ರಾಯರ ವಾರವಲ್ಲವೆ! ನಾಲ್ಕು ದಿನ ಶಾಲೆಯಲ್ಲೇ ಉಣ್ಣುವ ಮಗುವಿನ ಕೈಗೆ ಅಂದು ಮಾತ್ರ ಚಿತ್ರಾನ್ನದ ಡಬ್ಬಿ ಕೊಟ್ಟು ಕಳಿಸುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಅವರ ನೇಮಕ್ಕೆ ನಮ್ಮ ಆಕ್ಷೇಪವಿಲ್ಲ. ಶಾಲೆಯಲ್ಲೂ ಸಸ್ಯಾಹಾರ ಸಿಗುತ್ತದೆ. ವರ್ಷದ ಐವತ್ತೆರಡು ಗುರುವಾರಗಳಲ್ಲಿ ಎರಡನ್ನು ಶಾಲೆಯ ಅಡಿಗೆಮನೆಗೆ ಬಿಟ್ಟುಕೊಟ್ಟರೆ ರಾಯರು ಮುನಿಯಲಾರರೆಂದು ನಂಬಿದ್ದೇವೆ.

ಇವೆಲ್ಲ ಚಿಲ್ಲರೆ ವಿಷಯ, ಸರ್ಕಾರವೇ ಹೆಚ್ಚು ಹಣ ಕೊಡಬೇಕು ಎನ್ನುವವರಿದ್ದಾರೆ. ಕೊಡಬೇಕು, ನಿಜ. ಆದರೆ ಇರುವ ಹಣವನ್ನು ಹೇಗೆ ಹಂಚುವುದೆಂಬ ತೀರ್ಮಾನ ಪ್ರತಿ ವರ್ಷ ಆಗಿಯೇ ಆಗುತ್ತದೆ, ನಾವು ಇದ್ದರೂ ಇಲ್ಲದಿದ್ದರೂ. ಸಹಾಯಕಿಯನ್ನು ಉಳಿಸಿಕೊಂಡು ಚಾವಣಿಯ ರಿಪೇರಿ ಮುಂದೂಡುವುದೋ, ಎರಡು ತರಗತಿಗಳನ್ನು ಒಂದು ಮಾಡುವುದೋ ಎಂದು ನಗರಸಭೆಯ ಅಧೀನದ ಶಾಲೆಗಳಲ್ಲಿ ನಿರ್ಧರಿಸುವುದು ಗವರ್ನರುಗಳ ಮಂಡಲಿ. ಗವರ್ನರ್ ಎಂದೊಡನೆ ರಾಜಭವನ ನೆನೆಯಬೇಕಿಲ್ಲ. ಸಂಬಳವಿಲ್ಲದ, ಸಾಮಾನ್ಯವಾಗಿ ನಾಲ್ಕು ವರ್ಷದ ಕೆಲಸ. ಕಡೆಯ ಪಕ್ಷ ಇಬ್ಬರು ಮಕ್ಕಳ ತಂದೆತಾಯಿಗಳ ಪ್ರತಿನಿಧಿಗಳಾಗಿರಬೇಕು. ಅಕಾಡೆಮಿ ಶಾಲೆಗಳಲ್ಲಿ ಅಂತಿಮ ಮಾತು ಟ್ರಸ್ಟಿನದು, ಅವುಗಳ ಲೆಕ್ಕದ ವರ್ಷವೂ ಸೆಪ್ಟೆಂಬರಿನಿಂದ. ಅಲ್ಲಿಯೂ ಪೋಷಕರಿಗೆ ಸ್ಥಾನವಿದೆ. ಆಸ್ಪತ್ರೆಯ ವಿಭಾಗಗಳನ್ನು ನಡೆಸುವವರು, ದೊಡ್ಡ ಕಂಪನಿಗಳ ಲೆಕ್ಕ ತಪಾಸಣೆ ಮಾಡುವವರು ನಮ್ಮಲ್ಲಿ ಎಷ್ಟೊಂದು ಮಂದಿ! ಆ ಕುರ್ಚಿಗಳಲ್ಲಿ ಅವರಿಲ್ಲ.

ಏಕಿಲ್ಲ? ನಮ್ಮಲ್ಲಿ ಬಹುಮಂದಿ ಫೀ ಕಟ್ಟಿ ಓದಿದವರು. ಫೀ ಕಟ್ಟಿದರೆ ಶಾಲೆಯ ಋಣ ತೀರಿತೆಂಬ ಭಾವನೆ ಬೆಂಗಳೂರು, ಮೈಸೂರುಗಳಿಂದಲೇ ನಮ್ಮ ಪೆಟ್ಟಿಗೆಯಲ್ಲಿ ಬಂತು. ಇಲ್ಲಿ ಫೀಯೇ ಇಲ್ಲ. ಬಿಟ್ಟಿ ಸಿಕ್ಕದ್ದರ ಲೆಕ್ಕ ಕೇಳುವುದು ಸಭ್ಯತೆಯಲ್ಲವೆಂಬ ಸಂಕೋಚ ಬೇರೆ. ಬಿಟ್ಟಿಯೇನಲ್ಲ, ನಾವು ತೆತ್ತ ತೆರಿಗೆಯೇ ಅದು. ಅತ್ತ ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳಿಗೆ 2001ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಕೂಲಿ ಮಾಡುವ ತಾಯಂದಿರು ಆ ಸಮಿತಿಗಳಲ್ಲಿ ಕುಳಿತು ಬಿಸಿಯೂಟದ ಅಕ್ಕಿಯಿಂದ ಹಿಡಿದು ಕೊಠಡಿಯ ದುರಸ್ತಿಯವರೆಗೆ ಮಾತಾಡುತ್ತಾರೆ. ಎಲ್ಲ ಸಮಿತಿಗಳೂ ಚೆನ್ನಾಗಿ ನಡೆಯುತ್ತವೆಂದು ನಾವು ಹೇಳುವುದಿಲ್ಲ. ಕುರ್ಚಿಯಂತೂ ಖಾಲಿ ಬಿಟ್ಟಿಲ್ಲ.

ನಮ್ಮ ಸಮಿತಿಗೆ ಎರಡು ಸಲಹೆಗಳು. ಶಾಲೆಯ ಅರ್ಜಿ ತುಂಬುವ ಬಗೆಯನ್ನು ವಿವರಿಸುವ ಒಂದು ಪುಟ ಕನ್ನಡದಲ್ಲಿ ಸಿದ್ಧವಾಗಲಿ, ಹೊಸದಾಗಿ ಬಂದ ಪ್ರತಿ ಸಂಸಾರಕ್ಕೂ ಸದಸ್ಯತ್ವದ ರಸೀದಿಯೊಡನೆ ಸಿಗಲಿ. ಎರಡನೆಯದು, ಶನಿವಾರದ ಕನ್ನಡ ತರಗತಿಗೆ ಹೇಗೂ ಬಾಡಿಗೆ ತೆರುತ್ತೇವೆ. ಅದನ್ನು ನಮ್ಮ ಮಕ್ಕಳಿರುವ ಶಾಲೆಯೊಂದಕ್ಕೆ ತೆತ್ತರೆ ಆ ಹಣ ಅದರ ಜಮಾ ಬದಿಗೆ ಸೇರುತ್ತದೆ. ಗವರ್ನರಾಗಿ ಅನುಭವವಿರುವ ಸದಸ್ಯರು ಯಾರಾದರೂ ಇದ್ದರೆ ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಮುಂದಿನ ಸಭೆಯಲ್ಲಿ ಅವರಿಗೆ ಅರ್ಧ ಗಂಟೆ ಕೊಡಿಸುತ್ತೇವೆ, ಊಟಕ್ಕೆ ಮುಂಚೆ.