ಕಾವಲುಗಾರನೇ ತಡೆದಾಗ

ಮಳವಳ್ಳಿಯ ಕಡೆಯ ಸೋದರಿಯೊಬ್ಬರ ಪತ್ರ ನಮ್ಮ ಮುಂದಿದೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮದ್ದೂರಿನಲ್ಲೊಮ್ಮೆ, ಮಂಡ್ಯದಲ್ಲೆರಡು ಬಾರಿ ತಪಾಸಣೆಯಾಯಿತು. ಅವರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಆದರೂ ‘ಬಂಜೆ’ ಎಂಬ ಮಾತು ಅವರಿಗೇ ತಗಲಿತು. ಮನೆಯಲ್ಲಿ ಎರಡನೆಯ ಸಂಬಂಧದ ಪಿಸುಮಾತೂ ಎದ್ದಿತು. ಕೊನೆಗೆ ಪತಿ ಪರೀಕ್ಷೆಗೆ ಒಪ್ಪಿದರು. ವೀರ್ಯಾಣುಗಳು ಸಾಕಷ್ಟಿವೆ, ಆದರೆ ಒಂದಕ್ಕೊಂದು ಅಂಟಿಕೊಂಡಿವೆ, ರೋಗನಿರೋಧಕ ಶಕ್ತಿಯೇ ಇದಕ್ಕೆ ಕಾರಣವಿರಬಹುದೆಂದು ವೈದ್ಯರು ಹೇಳಿದರಂತೆ. “ಕಾಯುವ ಶಕ್ತಿಯೇ ಕೇಡು ಮಾಡುವುದುಂಟೆ?” ಎಂಬುದು ಸೋದರಿಯ ಪ್ರಶ್ನೆ.

ಉಂಟು. ತನ್ನದು ಯಾವುದು, ಪರರದು ಯಾವುದು ಎಂಬ ಪಾಠವನ್ನು ದೇಹವು ಬಹುಮಟ್ಟಿಗೆ ಎಳೆತನದಲ್ಲಿಯೇ ಕಲಿಯುತ್ತದೆ. ವೀರ್ಯಾಣುಗಳಾದರೋ ಹುಟ್ಟುವುದು ಹರೆಯದಲ್ಲಿ. ತಡವಾಗಿ ಬಂದ ಈ ನೆಂಟರನ್ನು ರಕ್ತದ ಕಾವಲುಗಾರರು ಅರಿಯರು. ಆದುದರಿಂದಲೇ ಪ್ರಕೃತಿಯು ವೃಷಣದೊಳಗೆ ಸರ್ಟೋಲಿ ಜೀವಕೋಶಗಳ ಒತ್ತಾದ ಗೋಡೆ ಕಟ್ಟಿ ಇಬ್ಬರ ನಡುವೆ ಮರೆಮಾಡಿದೆ. ಪೆಟ್ಟು, ಸೋಂಕು, ಶಸ್ತ್ರಕ್ರಿಯೆ, ವೃಷಣ ತಿರುಚಿಕೊಳ್ಳುವುದು ಇವುಗಳಿಂದ ಆ ಮರೆ ಹರಿದರೆ, ವೀರ್ಯಾಣುಗಳನ್ನು ಹಗೆಗಳೆಂದು ಬಗೆದು ದೇಹವು ಪ್ರತಿಕಾಯಗಳನ್ನು ಸೃಷ್ಟಿಸಬಹುದು. ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇವು ಕಾಣುತ್ತವೆ. ಬಂಜೆತನದಿಂದ ನೊಂದ ಪುರುಷರಲ್ಲಿ ಇಂಥ ಪ್ರತಿಕಾಯಗಳಿವೆಯೆಂದು 1954ರಲ್ಲಿ ರೂಮ್ಕೆ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ತೋರಿಸಿಕೊಟ್ಟರು.

ಪ್ರತಿಕಾಯ ಹತ್ತಿದ ವೀರ್ಯಾಣು ತನ್ನ ಜೊತೆಯವಕ್ಕೆ ಅಂಟಿಕೊಳ್ಳುತ್ತದೆ. ಗರ್ಭಕೊರಳಿನ ಲೋಳೆಯಲ್ಲಿ ಸಿಕ್ಕಿಬೀಳುತ್ತದೆ. ಅಂಡದ ಬಳಿ ಸಾರಿದರೂ ಒಳಹೊಗಲು ಕಷ್ಟಪಡುತ್ತದೆ. ಆದರೆ ಅಂಟಿಕೊಂಡುದೆಲ್ಲ ಪ್ರತಿಕಾಯದ ಫಲವೇ ಅಲ್ಲ; ಪ್ರತಿಕಾಯವಿದ್ದವರೆಲ್ಲ ಮಕ್ಕಳಿಲ್ಲದವರೂ ಅಲ್ಲ. ಚಲಿಸುವ ವೀರ್ಯಾಣುಗಳಲ್ಲಿ ನೂರಕ್ಕೆ 50ಕ್ಕಿಂತ ಹೆಚ್ಚಿನವಕ್ಕೆ ಅದು ಹತ್ತಿದ್ದರೆ ವೈದ್ಯರು ಗಂಭೀರವೆಂದು ಎಣಿಸುತ್ತಾರೆ. ಒಂದು ಮಿಲಿಲೀಟರ್ ವೀರ್ಯದಲ್ಲಿ 10 ಲಕ್ಷಕ್ಕೂ ಮೀರಿ ಬಿಳಿಯ ರಕ್ತಕಣಗಳಿದ್ದರೆ ಸೋಂಕು ಇದೆಯೇ ಎಂದು ನೋಡಬೇಕು.

ಇನ್ನು ಪರಿಹಾರ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆದುದರಿಂದ ಒಂದೇ ಪರೀಕ್ಷೆಯಿಂದ ಎದೆಗುಂದದೆ, ಕೆಲವು ವಾರಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಸೋಂಕಿದ್ದರೆ ಅದಕ್ಕೆ ಔಷಧವಿದೆ. ಹಿಂದೆ ಸ್ಟೀರಾಯ್ಡ್ ಗುಳಿಗೆಗಳನ್ನು ಬಹಳವಾಗಿ ಕೊಡುತ್ತಿದ್ದರು; ಅವುಗಳಿಂದ ಕೇಡೂ ಉಂಟು, ತಾವಾಗಿ ಕೊಂಡು ನುಂಗುವುದು ಸಲ್ಲದು. ತೊಳೆದ ವೀರ್ಯಾಣುಗಳನ್ನು ಗರ್ಭಾಶಯಕ್ಕೆ ಸೇರಿಸುವ ಕ್ರಮವಿದೆ. ಅದೂ ಫಲಿಸದಿದ್ದರೆ, ಒಂದೇ ವೀರ್ಯಾಣುವನ್ನು ಸೂಜಿಯ ಮೂಲಕ ಅಂಡದೊಳಗಿರಿಸುವ ‘ಇಕ್ಸಿ’ ವಿಧಾನವಿದೆ. ಅದರ ಮೊದಲ ಯಶಸ್ಸನ್ನು 1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಪ್ರಕಟಿಸಿದರು. ಇದು ವೆಚ್ಚದ ಚಿಕಿತ್ಸೆ. ಫಲ ಖಂಡಿತವೆಂದು ಯಾರೂ ಭರವಸೆ ಕೊಡಲಾರರು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧ ಮಂದಿಯ ವಿಷಯದಲ್ಲಿ ಪುರುಷನ ಪಾಲೂ ಇರುತ್ತದೆ. ಹೆಣ್ಣಿನ ಪರೀಕ್ಷೆಗಳಿಗೆ ಹೋಲಿಸಿದರೆ ಗಂಡಿನ ಮೊದಲ ಪರೀಕ್ಷೆ ಸುಲಭ, ಅಗ್ಗ, ನೋವಿಲ್ಲದ್ದು. ಹೀಗಿದ್ದೂ ಆತನ ಸರದಿ ಕೊನೆಗೆ ಬರುವುದು ವಿಜ್ಞಾನದ ದೋಷವಲ್ಲ, ನಮ್ಮ ಸಂಕೋಚದ ದೋಷ. 1930ರಷ್ಟು ಹಿಂದೆಯೇ ಸರ್ಕಾರದ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳಿಗೆ ಒಪ್ಪಿಗೆಯಿತ್ತ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ನಾಡು ಇದು. ಮಕ್ಕಳು ಬೇಡವೆಂಬ ಮಾತನ್ನು ಅಂದೇ ಬಾಯಿಬಿಟ್ಟು ಆಡಿದವರು, ಬೇಕೆಂಬ ಮಾತಿಗೆ ಇಂದು ನಾಚುವುದೇಕೆ?

ಸೋದರಿ, ತಪ್ಪು ನಿಮ್ಮದಲ್ಲ, ನಿಮ್ಮವರದೂ ಅಲ್ಲ. ಮುಂದಿನ ಸಲ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿರಿ. ಈ ಪುಟವನ್ನು ಅತ್ತೆಯವರಿಗೂ ಓದಿ ಹೇಳಿರಿ.